ಕುರುಗೋಡಿಗೆ ಹೋಗುತ್ತಿದ್ದ ಲೈನ್‌ಮನ್

ಸಿರುಗುಪ್ಪದ ನಮ್ಮ ಕರೆಂಟ್ ಆಫೀಸಿನಲ್ಲಿ ಅವರಿಗಿಂತ ಒಳ್ಳೆಯ ಲೈನ್‌ಮನ್ ಇರಲಿಲ್ಲ. ತೀರಿಕೊಂಡವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆಂದು ಈ ಮಾತು ಹೇಳುತ್ತಿಲ್ಲ. ಅವರು ಬದುಕಿದ್ದಾಗ ಅವರನ್ನು ಕಂಡರಾಗದ ಮೇಲಧಿಕಾರಿಯೊಬ್ಬರೂ ಇದನ್ನೇ ಹೇಳುತ್ತಿದ್ದರು. ಗಾಳಿಗೆ ತಂತಿ ಹರಿದು ಬೀಳಲಿ, ಹಚ್ಚೊಳ್ಳಿ ಕಡೆ ಗದ್ದೆಯ ಕೆಸರಿನಲ್ಲಿ ಕಂಬ ವಾಲಲಿ, ಎಲ್ಲರೂ ಮೊದಲು ಕೇಳುತ್ತಿದ್ದದ್ದು ಅವರು ಎಲ್ಲಿದ್ದಾರೆ ಎಂದೇ.

ಸಣಕಲು ದೇಹ, ಉದ್ದನೆಯ ಕೈ. ಕಂಬ ಹತ್ತುವ ಮುಂಚೆ ಚಪ್ಪಲಿ ಕಳಚಿ, ಎರಡನ್ನೂ ಜೋಡಿಸಿ, ಅವುಗಳ ಮುಖ ರಸ್ತೆಯ ಕಡೆ ಮಾಡಿ ಇಡುತ್ತಿದ್ದರು. ಯಾಕೆಂದು ಒಮ್ಮೆ ಕೇಳಿದ್ದಕ್ಕೆ, ಇಳಿದ ಮೇಲೆ ಸೀದಾ ಮನೆಗೆ ಹೋಗಬೇಕಲ್ಲ, ತಿರುಗಿಸಿಕೊಳ್ಳುತ್ತ ಯಾರು ನಿಲ್ಲುತ್ತಾರೆ ಎಂದಿದ್ದರು. ಜೇಬಿನಲ್ಲಿ ಟೆಸ್ಟರ್ ಜೊತೆ ಸೋಂಪಿನ ಪೊಟ್ಟಣ ಇರುತ್ತಿತ್ತು. ಬೀಡಿ, ಸಿಗರೇಟು, ಕುಡಿತ ಯಾವುದೂ ಇರಲಿಲ್ಲ. ಅವರ ಹೆಂಡತಿ ನನ್ನ ಹೆಂಡತಿಗೆ ಹೇಳುತ್ತಿದ್ದಳಂತೆ, ಕುಡಿಯುವ ಗಂಡನನ್ನಾದರೂ ಭಾನುವಾರ ಮನೆಯಲ್ಲಿ ಹಿಡಿಯಬಹುದು, ಇವರನ್ನು ಆಗುವುದಿಲ್ಲ ಎಂದು. ಭಾನುವಾರ ಅವರು ಫುಟ್‌ಬಾಲ್ ನೋಡಲು ಹೋಗುತ್ತಿದ್ದರು.

ನಾನು ಕರೂರಿನವನು. ಮೀಟರ್ ರೀಡರ್ ಆಗಿ ಸಿರುಗುಪ್ಪಕ್ಕೆ ಬಂದಾಗ ಅವರ ಓಣಿಯಲ್ಲೇ ಬಾಡಿಗೆ ಮನೆ ಸಿಕ್ಕಿತು. ಅವರು ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ನಾನು ಅಣ್ಣ ಎನ್ನುತ್ತಿದ್ದೆ, ಅವರು ತಮ್ಮ ಎನ್ನುತ್ತಿದ್ದರು. ಮೊದಲನೇ ಭಾನುವಾರವೇ ಬಾಗಿಲಿಗೆ ಬಂದು ನಿಂತರು. ನನಗೆ ಆಟ ಗೊತ್ತಿಲ್ಲ ಎಂದೆ.

"ನಮ್ಮ ಹುಡುಗರು ಬಿಸಲಾಗ ಓಡ್ಯಾಡಾಕತ್ತಾರ. ಒಬ್ಬರರ ಹೆಸರು ಹಿಡದು ಕೂಗಬೇಕಿಲ್ಲೋ ತಮ್ಮಾ?" ಎಂದರು. ಎದ್ದು ಹೋದೆ.

ಸಿರುಗುಪ್ಪದ ತಂಡ ಎಂದರೆ ಅಕ್ಕಿ ಗಿರಣಿಯ ನಾಲ್ಕೈದು ಜನ, ಒಬ್ಬ ಆಟೋದವನು, ಸೈಕಲ್ ಶಾಪಿನ ಅಣ್ಣ ತಮ್ಮ, ಕಾಲೇಜಿನ ಕೆಲವರು. ಎರೆಭೂಮಿಯ ಮೈದಾನ, ಬೇಸಿಗೆಯಲ್ಲಿ ಬಿರುಕಿನೊಳಗೆ ಕಾಲು ಸಿಕ್ಕಿಕೊಳ್ಳುತ್ತಿತ್ತು. ಇವರು ಮೈದಾನದ ಪಕ್ಕದ ಕಂಬವನ್ನು ಅರ್ಧ ಏರಿ, ಒಂದು ಕೈಯಲ್ಲಿ ಅದನ್ನು ತಬ್ಬಿ ನಿಂತು ಕೂಗುತ್ತಿದ್ದರು. ಪ್ರತಿಯೊಬ್ಬ ಆಟಗಾರನ ಹೆಸರು, ಅವನ ಅಪ್ಪನ ಹೆಸರು ಗೊತ್ತಿತ್ತು. ಹುರಿದುಂಬಿಸುವಾಗ ಕನ್ನಡ, ಸಿಟ್ಟು ಬಂದಾಗ ತೆಲುಗು, ರೆಫರಿಯನ್ನು ಬೈಯಲು ಉರ್ದು. ಆಟ ಮುಗಿದ ಮೇಲೆ ಇಳಿದು ಬಂದು ಅದೇ ರೆಫರಿಗೆ ಸೋಂಪು ಕೊಡುತ್ತಿದ್ದರು.

ಅವರು ಸಹಿಸದಿದ್ದ ಒಂದೇ ಒಂದು ಸಂಗತಿ ಕುರುಗೋಡಿನ ತಂಡ. ಎರಡೂ ಊರಿನವರ ಜಗಳ ಎಲ್ಲಿಂದ ಶುರುವಾಯಿತೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಗೆರೆ ದಾಟಿದ ಚೆಂಡನ್ನು ಗೋಲು ಅಲ್ಲ ಅಂದದ್ದೇ ಕಾರಣ ಎಂದು ಕೆಲವರು, ಗೋಲಾಗದ್ದನ್ನು ಗೋಲು ಅಂದದ್ದೇ ಕಾರಣ ಎಂದು ಕೆಲವರು ಹೇಳುತ್ತಿದ್ದರು. ಇವರು ಆ ಊರಿನ ಹೆಸರನ್ನೇ ಎತ್ತುತ್ತಿರಲಿಲ್ಲ, 'ಆ ಕಡಿ ಊರು' ಎನ್ನುತ್ತಿದ್ದರು. ದೊಡ್ಡ ಮಗಳಿಗೆ ಅಲ್ಲಿಂದ ಒಂದು ಸಂಬಂಧ ಬಂದಾಗ ವರನ ಫೋಟೋ ಇದ್ದ ಕವರನ್ನು ಒಡೆಯದೆ ವಾಪಸು ಕಳಿಸಿದರು. ಹೆಂಡತಿ ಎರಡು ದಿನ ಮಾತು ಬಿಟ್ಟಳು. ಆಫೀಸಿನಲ್ಲಿ ನಾವೆಲ್ಲ ಇದನ್ನು ಹೇಳಿಕೊಂಡು ನಕ್ಕೆವು. ಅವರೂ ನಕ್ಕರು.

ಹದಿನೇಳು ವರ್ಷದ ಹಿಂದೆ ಒಂದು ಟೂರ್ನಮೆಂಟಿನ ಫೈನಲ್‌ಗೆ ಈ ಎರಡೇ ತಂಡಗಳು ಬಂದವು. ಆಟ ಬಳ್ಳಾರಿಯಲ್ಲಿ, ಕೌಲ್ ಬಜಾರಿನ ಹತ್ತಿರದ ಮೈದಾನದಲ್ಲಿ. ನಾವು ಎರಡು ಬಸ್ಸು ತುಂಬಿಕೊಂಡು ಹೋದೆವು, ಕುರುಗೋಡಿನವರು ಟ್ರ್ಯಾಕ್ಟರುಗಳಲ್ಲಿ ಬಂದಿದ್ದರು. ಕಾಂಪೌಂಡ್ ಗೋಡೆಯ ಮೇಲೂ ಕಾಲಿಡಲು ಜಾಗವಿರಲಿಲ್ಲ. ಕುರುಗೋಡಿನ ಗೋಲ್‌ಕೀಪರ್ ಇಪ್ಪತ್ತೆರಡರ ತರುಣ, ಕೌಲ್ ಬಜಾರಿನಲ್ಲೇ ಜೀನ್ಸ್ ಪ್ಯಾಂಟು ಹೊಲಿಯುವ ಕೆಲಸಕ್ಕಿದ್ದ. ಅವನ ಜೊತೆ ಕೆಲಸ ಮಾಡುವವರೆಲ್ಲ ಅವನ ಹಿಂದೆ ಸೇರಿ ಸಿಳ್ಳೆ ಹಾಕುತ್ತಿದ್ದರು. ಬಳ್ಳಾರಿಯವರು ಯಾವ ಕಡೆಯೂ ಇರಬಾರದಿತ್ತು ಎಂದು ನಮ್ಮವರಿಗೆ ಅದೇ ಒಂದು ಉರಿ.

ಒಂದು ಗೋಲಿನಿಂದ ನಾವು ಹಿಂದಿದ್ದೆವು. ಇನ್ನೇನು ಮುಗಿಯುತ್ತದೆ ಅನ್ನುವಾಗ ನಮಗೆ ಪೆನಾಲ್ಟಿ ಸಿಕ್ಕಿತು. ಸೈಕಲ್ ಶಾಪಿನ ಅಣ್ಣ ಒದ್ದ. ಒಳ್ಳೆಯ ಒದೆತವೇ. ಆ ತರುಣ ಎಡಕ್ಕೆ ಹಾರಿ, ಬೆರಳ ತುದಿಯಲ್ಲಿ ಚೆಂಡನ್ನು ಹೊರಗೆ ತಳ್ಳಿದ. ಎದ್ದು ನಿಂತು ನಮ್ಮ ಕಡೆ ನೋಡಿ ಎರಡೂ ಕೈ ಎತ್ತಿದ. ಅವನು ಮಾಡಿದ ತಪ್ಪು ಅಷ್ಟೇ, ಅದು ತಪ್ಪೇ ಆದರೆ.

ಆಮೇಲೆ ಜನ ಒಳಗೆ ನುಗ್ಗಿದರು. ರಸ್ತೆ ಕೆಲಸಕ್ಕೆಂದು ತಂದ ಜಲ್ಲಿಯ ರಾಶಿ ಮೈದಾನದ ಅಂಚಿಗೇ ಇತ್ತು. ಎರಡೂ ಕಡೆಯಿಂದ ಕಲ್ಲು ಹಾರಿದವು. ನಾನು ನಮ್ಮ ಲೈನ್‌ಮನ್ ಪಕ್ಕದಲ್ಲೇ ಇದ್ದೆ. ಅವರು ಬಗ್ಗಿದ್ದು, ಕೈ ಎತ್ತಿದ್ದು ಕಂಡೆ. ಒಂದೇ ಸಲ. ನಾನು ತಲೆಯ ಮೇಲೆ ಕೈ ಇಟ್ಟುಕೊಂಡು ಕುಕ್ಕರಿಸಿದ್ದರಿಂದ ಕಲ್ಲು ಎಲ್ಲಿಗೆ ಹೋಯಿತೆಂದು ನೋಡಲಿಲ್ಲ. ತಲೆ ಎತ್ತಿದಾಗ ಆ ತರುಣ ಗೋಲ್‌ಪೋಸ್ಟಿನ ನಡುವೆ ಮೊಳಕಾಲೂರಿ ಕೂತಿದ್ದ. ಗ್ಲೌಸು ಹಾಕಿದ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ. ಬಿಳಿಯ ಗ್ಲೌಸು ಕೆಂಪಾಗಿತ್ತು.

ಪೊಲೀಸರು ಬಂದರು, ಒಂದಿಷ್ಟು ಜನರನ್ನು ಕೂರಿಸಿ ಕೇಳಿದರು, ಬಿಟ್ಟರು. ಅಷ್ಟು ಕಲ್ಲುಗಳಲ್ಲಿ ಯಾರ ಕಲ್ಲು ಎಂದು ಹೇಳುವುದು? ನಾಲ್ಕು ದಿನಕ್ಕೆ ಸುದ್ದಿ ಬಂತು, ಎಡಗಣ್ಣು ಹೋಯಿತಂತೆ. ಆ ಟೂರ್ನಮೆಂಟ್ ಮತ್ತೆ ನಡೆಯಲಿಲ್ಲ.

ಹದಿನೈದು ದಿನವಾಗಿತ್ತು. ಕರೂರು ದಾರಿಯಲ್ಲಿ ಅವರು ಒಂದು ಟ್ರಾನ್ಸ್‌ಫಾರ್ಮರ್ ಕೆಲಸ ಮುಗಿಸಿದ್ದರು, ನಾನು ಮೀಟರ್ ನೋಡಿಕೊಂಡು ಬಂದಿದ್ದೆ; ಇಬ್ಬರೇ ಕಾಲುವೆಯ ದಂಡೆಯ ಮೇಲೆ ಬುತ್ತಿ ಬಿಚ್ಚಿ ಕೂತಿದ್ದೆವು. ರೊಟ್ಟಿ ಮುರಿದವರು ಬಾಯಿಗೆ ಇಡಲಿಲ್ಲ.

"ತಮ್ಮಾ, ಆ ಕಲ್ಲು ನಂದು" ಎಂದರು.

ನೂರಾರು ಕಲ್ಲು ಬಿದ್ದಿವೆ, ನಿಮ್ಮದೇ ಅಂತ ಹೆಂಗೆ ಹೇಳುತ್ತೀರಿ ಎಂದೆ. ಅವರು ನನ್ನ ಮುಖ ನೋಡಿದರು. ತಂತಿಗೆ ತಾಗುವ ಟೊಂಗೆ ಎಳೆಯಬೇಕಾದರೆ ಲೈನ್‌ಮನ್‌ಗಳು ದಾರಕ್ಕೆ ಕಲ್ಲು ಕಟ್ಟಿ ಟೊಂಗೆಯ ಮೇಲಿಂದ ಎಸೆಯುತ್ತಾರೆ. ಉಳಿದವರು ನಾಲ್ಕು, ಐದು ಸಲ ಎಸೆಯುತ್ತಿದ್ದರು. ಅವರು ಎರಡನೇ ಸಲ ಎಸೆದದ್ದನ್ನು ನಾನು ಕಂಡಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ಕಣ್ಣಿಗೆ ಗುರಿ ಇಟ್ಟಿರಲಿಲ್ಲ" ಎಂದರು. ರೊಟ್ಟಿಯನ್ನು ಬುತ್ತಿಗೆ ವಾಪಸು ಇಟ್ಟು, "ಗುರಿ ಅವನಿಗಽ ಇಟ್ಟಿದ್ದೆ" ಎಂದರು.

ಬರುವ ಭಾನುವಾರ ಕುರುಗೋಡಿಗೆ ಹೋಗಿ ಅವನ ಮುಂದೆ ನಿಂತು ಹೇಳುತ್ತೇನೆ, ಏನು ಮಾಡುತ್ತಾನೋ ಮಾಡಲಿ ಎಂದರು. ನಾನು ಬೇಡವೆಂದೆ. ಕೇಸಾಗುತ್ತದೆ, ಕೆಲಸ ಹೋಗುತ್ತದೆ, ಇಬ್ಬರು ಹೆಣ್ಣುಮಕ್ಕಳ ಮದುವೆ ಹೇಗೆ ಮಾಡುತ್ತೀರಿ ಎಂದು ಒಂದೊಂದಾಗಿ ಹೇಳಿದೆ. ಅವರು ಒಪ್ಪದೆ ಇದ್ದಾಗ, "ನೀವು ಹೇಳಿದ ಮಾತ್ರಕ್ಕ ಅವಗ ಕಣ್ಣು ಬರ್ತೈತೇನು ಅಣ್ಣಾ? ಸುಮ್ನಿರ್ರಿ" ಎಂದೆ. ಒಳ್ಳೆಯ ಮಾತು ಹೇಳಿದೆ ಎಂದು ಆಗ ನನಗೆ ಸಮಾಧಾನವೇ ಆಯಿತು. ಅವರು ಆ ರೊಟ್ಟಿಯನ್ನು ನಿಧಾನವಾಗಿ ತಿಂದು ಮುಗಿಸಿ, ಕಾಲುವೆಯಲ್ಲಿ ಕೈ ತೊಳೆದುಕೊಂಡರು.

ಆರು ತಿಂಗಳು ಅವರು ಯಾವ ಆಟಕ್ಕೂ ಹೋಗಲಿಲ್ಲ. ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಶರ್ಟು ಇಸ್ತ್ರಿ ಮಾಡಿಸಿಕೊಂಡು ಕುರುಗೋಡಿನ ಬಸ್ಸು ಹತ್ತಿದರು. ಅಲ್ಲಿಯ ತಂಡ ಬೇರೆ ಯಾವುದೋ ಊರಿನವರ ಜೊತೆ ಆಡುತ್ತಿತ್ತು. ಆ ತರುಣ ಗೋಲ್‌ಪೋಸ್ಟಿನ ಹಿಂದೆ, ನೆಲದ ಮೇಲೆ ಒಬ್ಬನೇ ಕೂತಿದ್ದನಂತೆ. ಇವರು ಹತ್ತು ಮಾರು ದೂರ ಕೂತರಂತೆ. ಅವನೇ ಯಾವ ಊರು ಎಂದು ಕೇಳಿದ. ಸುಳ್ಳು ಹೇಳಲು ಬಾಯಿ ಬರಲಿಲ್ಲ, ಸಿರುಗುಪ್ಪ ಎಂದರು. ಅವನು ನಕ್ಕು, ಸಿರುಗುಪ್ಪದವರು ಇಲ್ಲಿಗೆ ಬಂದು ಕೂಡಬೇಕೆಂದರೆ ಧೈರ್ಯ ಬೇಕು ಬಿಡಿ ಎಂದನಂತೆ. ಮುಂದಿನ ವಾರವೂ ಹೋದರು. ಅದರ ಮುಂದಿನ ವಾರವೂ.

ಸಿರುಗುಪ್ಪದಲ್ಲಿ ಇದು ಮುಚ್ಚಿಡುವ ವಿಷಯವಾಗಿರಲಿಲ್ಲ. ಕಂಬ ಏರಿ ಕೂಗುತ್ತಿದ್ದ ಮನುಷ್ಯ ಪಾರ್ಟಿ ಬದಲಿಸಿದ ಎಂದು ಹೋಟೆಲಿನಲ್ಲಿ ಕೇಳುವಂತೆ ಆಡಿಕೊಂಡರು. ಸೈಕಲ್ ಶಾಪಿನವರು ಅವರ ಸೈಕಲ್ಲಿಗೆ ಗಾಳಿ ಹಾಕುವುದನ್ನು ಬಿಟ್ಟರು. ಗಿರಣಿಯ ಹುಡುಗನೊಬ್ಬ ಎದುರಿಗೇ ನಿಂತು, ಆ ಊರಿನವರು ಏನು ತಿನ್ನಿಸಿದರು ಎಂದು ಕೇಳಿದ. ಅವರು ಅವನ ಅಪ್ಪನ ಆರೋಗ್ಯ ವಿಚಾರಿಸಿ ಮುಂದೆ ಹೋದರು. ಕಾರಣ ಗೊತ್ತಿದ್ದವನು ನಾನೊಬ್ಬನೇ. ನಾನೂ ಬಾಯಿ ಬಿಡಲಿಲ್ಲ.

ಅಲ್ಲಿ ಆ ತರುಣನ ಬದುಕು ಒಂದೊಂದೇ ಕಡೆಯಿಂದ ಕುಸಿಯುತ್ತಿತ್ತು. ಒಂದೇ ಕಣ್ಣಿನಲ್ಲಿ ಸೂಜಿ ಎಷ್ಟು ದೂರ ಇದೆಯೆಂದು ತಿಳಿಯದೆ ಎರಡು ಸಲ ಬೆರಳನ್ನೇ ಹೊಲಿದುಕೊಂಡ. ಕೌಲ್ ಬಜಾರಿನ ಕೆಲಸ ಹೋಯಿತು. ಮದುವೆಗೆ ಗೊತ್ತಾಗಿದ್ದ ಹೆಣ್ಣಿನ ಮನೆಯವರು ಬೇಡವೆಂದರು, ಆಮೇಲೆ ಬೇರೆ ಯಾವ ಹೆಣ್ಣೂ ಒಪ್ಪಲಿಲ್ಲ. ತಾಯಿಯ ಜೊತೆ ಕುರುಗೋಡಿನಲ್ಲೇ ಉಳಿದು, ಜೀನ್ಸಿನ ತುಂಡು ಬಟ್ಟೆಗಳಿಂದ ಚೀಲ ಹೊಲಿದು ಮಾರುತ್ತಿದ್ದ. ಇವರು ಆ ಮನೆಯ ವೈರಿಂಗ್ ಎಲ್ಲ ಬದಲಿಸಿ ಕೊಟ್ಟರು. ಅವನ ತಾಯಿ ಇವರನ್ನು ಅಣ್ಣ ಎನ್ನತೊಡಗಿದಳು. ಅವನು ಕಾಕಾ ಎನ್ನುತ್ತಿದ್ದ.

ಒಮ್ಮೆ ನಾನು ಜೊತೆಗೆ ಹೋದೆ. ಇಬ್ಬರೂ ಗೋಲ್‌ಪೋಸ್ಟಿನ ಹಿಂದೆ ಕೂತರು, ಇವರು ಅವನ ಎಡಕ್ಕೆ. ಚೆಂಡು ಆ ಬದಿಗೆ ಹೋದಾಗಲೆಲ್ಲ ಇವರು ತಗ್ಗಿದ ದನಿಯಲ್ಲಿ, ಎಡಕ್ಕ ಬಂತು, ಇಬ್ಬರು ಬೆನ್ನ ಹತ್ತ್ಯಾರ, ಈಗ ಒದ್ದ, ಎಂದು ಹೇಳುತ್ತಿದ್ದರು. ಅವನು ತಲೆ ತಿರುಗಿಸದೆ ಕೇಳಿಸಿಕೊಳ್ಳುತ್ತಿದ್ದ. ಅಷ್ಟು ವರ್ಷ ಊರಿಗೆಲ್ಲ ಕೇಳುವಂತೆ ಕೂಗಿದ ಗಂಟಲು ಅದೇ. ನಾನು ಎದ್ದು ದೂರ ಹೋಗಿ ನಿಂತೆ. ವಾಪಸು ಬರುವ ಬಸ್ಸಿನಲ್ಲಿ, ಇವತ್ತೂ ಹೇಳಲಿಲ್ಲ ತಮ್ಮ, ಎಂದರು. ಹೀಗೆ ಅವರು ಹೇಳಿದ್ದು ಎಷ್ಟು ಭಾನುವಾರ ಎಂದು ನನಗೆ ನೆನಪಿಲ್ಲ. ಆಮೇಲಾಮೇಲೆ ಅವರು ಹೇಳುವುದನ್ನು, ನಾನು ಕೇಳುವುದನ್ನು ಬಿಟ್ಟೆವು.

ಈ ನಡುವೆ ಆಟ ನೋಡುವವರೇ ಕಡಿಮೆಯಾದರು. ಕೈಗೆ ಫೋನು ಬಂತು, ಟೀವಿಯಲ್ಲಿ ದಿನಾ ಕ್ರಿಕೆಟ್ ಬಂತು. ಸಿರುಗುಪ್ಪದ ತಂಡ ಹನ್ನೊಂದು ಜನ ಸೇರದೆ ಎರಡು ಪಂದ್ಯ ಬಿಟ್ಟುಕೊಟ್ಟಿತು, ಮೂರನೆಯದಕ್ಕೆ ಹೆಸರನ್ನೇ ಕೊಡಲಿಲ್ಲ. ಯಾರೂ ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ಕುರುಗೋಡಿನಲ್ಲಿ ಮಾತ್ರ ಭಾನುವಾರ ಒಂದಷ್ಟು ಜನ ಬಂದು ತಮ್ಮತಮ್ಮೊಳಗೇ ಎರಡು ಭಾಗವಾಗಿ ಆಡುತ್ತಿದ್ದರು. ನೋಡುವವರು ಇವರಿಬ್ಬರೇ. ಯಾವ ಜಗಳಕ್ಕಾಗಿ ಒಂದು ಕಣ್ಣು ಹೋಯಿತೋ ಆ ಜಗಳ ಆಡಲೂ ಈಗ ಊರುಗಳಲ್ಲಿ ಜನವಿರಲಿಲ್ಲ.

ಅವರು ರಿಟೈರ್ ಆದರು. ಹೆಣ್ಣುಮಕ್ಕಳ ಮದುವೆಯಾಗಿತ್ತು. ಆಫೀಸಿನ ಸನ್ಮಾನದ ಶಾಲು ಇನ್ನೂ ಹೆಗಲ ಮೇಲಿದ್ದಾಗಲೇ ನನ್ನನ್ನು ಪಕ್ಕಕ್ಕೆ ಕರೆದು, ಈಗ ನೀನು ಹೇಳಿದ ಕಾರಣ ಒಂದೂ ಉಳಿದಿಲ್ಲ, ಭಾನುವಾರ ಗಾಡಿ ತೆಗೆ ಎಂದರು. ನನ್ನ ಬೈಕಿನ ಹಿಂದೆ ಕೂತು ದಾರಿಯುದ್ದಕ್ಕೂ ಒಂದು ಮಾತನ್ನೂ ಆಡಲಿಲ್ಲ.

ಆಟ ಇನ್ನೂ ಶುರುವಾಗಿರಲಿಲ್ಲ. ಅವನು ಅವರಿಗೆಂದು ಒಂದು ಹಳೆಯ ಚೀಲ ಹಾಸಿಟ್ಟು ಕೂತಿದ್ದ. ತಲೆಯಲ್ಲಿ ಬಿಳಿಕೂದಲು ಬಂದಿತ್ತು. ಇವರು ಕೂಡಲಿಲ್ಲ, ಅವನ ಎದುರಿಗೆ ಬಂದು ನಿಂತರು. ಕೈ ಮುಗಿಯುತ್ತಾರೆ, ಅಳುತ್ತಾರೆ ಎಂದುಕೊಂಡಿದ್ದೆ. ಎರಡೂ ಇಲ್ಲ. ಬಳ್ಳಾರಿ ಮೈದಾನದಲ್ಲಿ ಎಲ್ಲಿ ನಿಂತಿದ್ದೆ, ಜಲ್ಲಿ ರಾಶಿ ಎಷ್ಟು ದೂರ ಇತ್ತು, ಯಾವ ಕೈಯಲ್ಲಿ ಎಸೆದೆ, ಎಲ್ಲವನ್ನೂ ಮೇಲಧಿಕಾರಿಗೆ ವರದಿ ಒಪ್ಪಿಸುವಂತೆ ಹೇಳಿದರು. ನನ್ನ ಹೆಸರು ಮಾತ್ರ ಎತ್ತಲಿಲ್ಲ.

ಅವನು ಕೈಗೆ ಸಿಕ್ಕ ಹುಲ್ಲುಕಡ್ಡಿಯನ್ನು ಮುರಿಯುತ್ತಿದ್ದ. ಆಮೇಲೆ ಕೇಳಿದ, ಜೋರಾಗಿ ಅಲ್ಲ.

"ಯಾಕ ಹೇಳಿದ್ರಿ ಕಾಕಾ? ಇನ್ನ ನಾ ಯಾರ ಜೋಡಿ ಕುಂತು ಆಟ ನೋಡ್ಲಿ?"

ಅವನು ಎದ್ದು, ಹಾಸಿದ್ದ ಚೀಲ ಕೊಡವಿ ಮಡಚಿಕೊಂಡು, ಮೈದಾನದ ಅಂಚಿನಲ್ಲೇ ಮನೆಯ ಕಡೆ ನಡೆದ. ಇವರು ಹಿಂದೆ ಹೋಗಲು ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟರು.

ಮುಂದಿನ ಭಾನುವಾರ ಒಬ್ಬರೇ ಬಸ್ಸಿನಲ್ಲಿ ಹೋದರು. ಅವನು ಬಂದಿರಲಿಲ್ಲ. ಆಟ ಮುಗಿಯುವವರೆಗೆ ಕೂತು ಬಂದರು. ಅದರ ಮುಂದಿನ ವಾರವೂ ಹೋದರು, ಮೂರನೇ ವಾರವೂ. ಮನೆಗೆ ಹೋಗಿ ಕರೆಯಬಾರದೇ ಎಂದು ನಾನು ಕೇಳಿದ್ದಕ್ಕೆ, ಕರೆಯುವ ಅಧಿಕಾರ ನನಗೆಲ್ಲಿದೆ ಎಂದರು. ನಾಲ್ಕನೇ ವಾರ ಹೋಗಲಿಲ್ಲ. ಭಾನುವಾರ ಮಧ್ಯಾಹ್ನ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಒಂದು ದಿನ ನಾನು ಪಕ್ಕದಲ್ಲಿ ಕೂತಾಗ, ಹೇಳಿದರೆ ಹಗುರಾಗುತ್ತೇನೆ ಅಂದುಕೊಂಡಿದ್ದೆ, ಹಗುರಾಗಬೇಕು ಅಂತಲೇ ಹೇಳಿದೆನೇನೋ, ಅವನ ವಿಚಾರ ಮಾಡಲಿಲ್ಲ ಎಂದರು. ಮೊದಲು ಎಸೆದಾಗಲೂ ಮಾಡಿರಲಿಲ್ಲ ಎಂದೂ ಸೇರಿಸಿದರು. ನಾನು ಏನೋ ಸಮಾಧಾನ ಹೇಳಹೋದೆ. ಅವರು ಕೈ ಅಡ್ಡ ಹಿಡಿದರು. ನನ್ನ ಸಮಾಧಾನವನ್ನು ಅವರು ಒಮ್ಮೆ ಕೇಳಿದ್ದರು.

ಅವನಿಗೆ ಹೇಳಿದ ಎಂಟು ತಿಂಗಳಿಗೆ ಅವರು ತೀರಿಕೊಂಡರು. ಬೆಳಿಗ್ಗೆ ಎದ್ದು ಮುಖ ತೊಳೆಯಲು ಹೋದವರು ಬಚ್ಚಲಲ್ಲೇ ಕುಸಿದರು, ಡಾಕ್ಟರು ಎದೆಬಡಿತ ನಿಂತಿದೆ ಎಂದರು. ಆಫೀಸಿನಿಂದ ಆರು ಜನ ಬಂದೆವು. ಅವರು ಅಪ್ಪನ ಹೆಸರು ಸೇರಿಸಿ ಕೂಗುತ್ತಿದ್ದ ಆಟಗಾರರಲ್ಲಿ ಒಬ್ಬನೂ ಬರಲಿಲ್ಲ.

ಹೋದ ತಿಂಗಳು, ದಿನಕರ್ಮ ಎಲ್ಲ ಮುಗಿದ ಮೇಲೆ, ನಾನು ಕುರುಗೋಡಿಗೆ ಹೋದೆ. ಯಾರಾದರೂ ತಿಳಿಸಬೇಕಿತ್ತು. ಅವನು ಮಷಿನ್ ಮುಂದೆ ಕೂತಿದ್ದ. ತಾಯಿ ಬಾಗಿಲಿಗೆ ಬಂದು, ನಮ್ಮಣ್ಣ ಯಾಕೆ ಇಷ್ಟು ತಿಂಗಳಿಂದ ಬರುತ್ತಿಲ್ಲ ಎಂದು ಕೇಳಿದಳು. ಅವನು ತಾಯಿಗೆ ಏನೂ ಹೇಳಿಲ್ಲವೆಂದು ಆಗ ಗೊತ್ತಾಯಿತು. ವಿಷಯ ತಿಳಿಸಿದೆ. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಕೂತು ಅತ್ತಳು. ಅಂಥ ಮನುಷ್ಯ ಮತ್ತೆ ಸಿಗುವುದಿಲ್ಲ, ತನ್ನ ಮಗನಿಗೆ ಆದ ಅನ್ಯಾಯಕ್ಕೆ ಸಿರುಗುಪ್ಪದಿಂದ ಮರುಗಿದವನು ನಮ್ಮಣ್ಣನೊಬ್ಬನೇ ಎಂದಳು.

ಅವನು ನನ್ನನ್ನು ಹೊರಗೆ ಕರೆದುಕೊಂಡು ಬಂದ. ಅವರು ನಿಮಗೆ ಮೊದಲು ಯಾವಾಗ ಹೇಳಿದರು ಎಂದು ಕೇಳಿದ. ಕಲ್ಲು ಬಿದ್ದ ಹದಿನೈದು ದಿನಕ್ಕೆ ಎಂದೆ. ಆಗಲೇ ಬಂದು ನನಗೆ ಹೇಳಬೇಕು ಅಂತ ಅನಿಸಲಿಲ್ಲವೇ ಅವರಿಗೆ ಎಂದ. ಹೌದು, ಅನಿಸಿರಲಿಲ್ಲ ಎಂದು ಹೇಳಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸತ್ತವರ ತಲೆಯ ಮೇಲೆ ಅದನ್ನೂ ಹೊರಿಸಲು ನನ್ನಿಂದ ಆಗಲಿಲ್ಲ.

"ಬರೋ ಐತವಾರ ಬಂದು ಹೇಳ್ತೀನಿ ಅಂದಿದ್ರು. ಬ್ಯಾಡ ಅಂದಾಂವ ನಾನು" ಎಂದೆ.

ಅವನು ನನ್ನನ್ನು ನೋಡಿದ. ಸಿಟ್ಟು ಬರುತ್ತದೆಂದು ಕಾದೆ, ಬರಲಿಲ್ಲ.

"ಅವಾಗ ಹೇಳಿದ್ದರ ಹೊಡೀತಿದ್ದೆ. ಕೇಸು ಮಾಡ್ತಿದ್ದೆ. ಯಾವಾಗೋ ಒಂದಿನ ಹೋಗ್ಲಿ ಅಂತ ಬಿಡ್ತಿದ್ದೆ" ಎಂದ. "ಈಗ ಬಿಡಬೇಕಂದ್ರ ಆ ಮನುಷ್ಯನಽ ಇಲ್ಲ."

ತಾಯಿ ಒಳಗಿಂದ ಕಣ್ಣೊರೆಸಿಕೊಳ್ಳುತ್ತ ಬಂದು, ಬಿಸಿಲಲ್ಲಿ ಬಂದಿದ್ದೀರಿ ಎಂದು ನನ್ನ ಕೈಗೆ ಒಂದು ಲೋಟ ಮಜ್ಜಿಗೆ ಕೊಟ್ಟಳು. ಬೇಡವೆನ್ನುವುದು ಹೇಗೆಂದು ತಿಳಿಯದೆ ಕುಡಿದೆ. ಅಷ್ಟರಲ್ಲಿ ಅವನು ಒಳಗೆ ಹೋಗಿ ಮಷಿನ್ ಮುಂದೆ ಕೂತು, ಅರ್ಧಕ್ಕೆ ಬಿಟ್ಟಿದ್ದ ಚೀಲವನ್ನು ಹೊಲಿಯತೊಡಗಿದ್ದ. ಹೋಗಿ ಬರುತ್ತೇನೆ ಎಂದೆ. ಅವನು ತಲೆ ಎತ್ತದೆ ಚೀಲದ ಇನ್ನೊಂದು ಅಂಚನ್ನು ಸೂಜಿಯ ಕೆಳಗೆ ಸರಿಸಿದ.